ಹೊಳೆ ಯಾವ ದಡ ತಿನ್ನುತ್ತೆ? ಮಕ್ಕಳ ಕೈಲೇ ಮಾಡಿಸೋ ಪಾಠ

ಏಳನೇ ಕ್ಲಾಸಿನ ಮಕ್ಕಳಿಗೆ ಒಂದ್ಸಲ ಬೋರ್ಡ್ ಮೇಲೆ ಹಾವಿನ ಥರ ಒಂದು ಹೊಳೆ ಬರೆದು, ಈ ತಿರುವಲ್ಲಿ ಯಾವ ದಡ ಕೊರೆಯುತ್ತೆ ಹೇಳಿ ಅಂದೆ. ಎಲ್ಲಾ ತುಂಗೆ ಪಕ್ಕದಲ್ಲೇ ಹುಟ್ಟಿ ಬೆಳೆದ ಮಕ್ಕಳು, ಮಳೆಗಾಲದಲ್ಲಿ ತೋಟದ ಅಂಚು ಕುಸಿದು ಅಡಿಕೆ ಮರ ನೀರಿಗೆ ಬಿದ್ದಿದ್ದನ್ನ ಕಣ್ಣಾರೆ ನೋಡಿದವ್ರು, ಆದ್ರೂ ಅರ್ಧ ಜನ ಒಳಗಿನ ದಡ ಅಂದ್ರು, ಇನ್ನರ್ಧ ಜನ ಏನು ಹೇಳಿದ್ರೆ ಟೀಚರ್ ತಲೆ ಆಡಿಸ್ತಾರೆ ಅಂತ ನನ್ನ ಮುಖ ನೋಡ್ತಾ ಕೂತಿದ್ರು. ‘ನದಿ ಉಳಿಸಿ’ ಚಾರ್ಟ್ ಬರೆಯೋದ್ರಲ್ಲಿ ಮಾತ್ರ ಎಲ್ರೂ ಎಕ್ಸ್‌ಪರ್ಟು. ಆವತ್ತಿಂದ ನಾನು ಚಾರ್ಟ್ ಬಿಟ್ಟು ಮರಳು ಹಿಡಿದೆ. ಏನೇನು ಮಾಡಿದ್ದು, ಎಲ್ಲಿ ಎಡವಿದ್ದು ಎಲ್ಲಾ ಬರೀತಿದೀನಿ, ನಿಮ್ಮ ಸ್ಕೂಲಲ್ಲಿ ಮಾಡೋರಿಗೆ ಉಪಯೋಗ ಆಗ್ಬಹುದು. ಐದರಿಂದ ಒಂಬತ್ತನೇ ಕ್ಲಾಸಿನವರೆಗೆ ಧಾರಾಳ ಮಾಡಬಹುದು, ನಲಿ-ಕಲಿ ಚಿಕ್ಕ ಮಕ್ಕಳಿಗೂ ಮೊದಲಿನ ಎರಡು ಆಟ ಸಾಕು.

ಒಂದು ಮಾತು ಮೊದಲೇ ಹೇಳ್ಬಿಡ್ತೀನಿ, ಕೊರೆತ ಅಂದ್ರೆ ಕೆಟ್ಟದ್ದು ಅಂತ ಹೇಳಿಕೊಟ್ಟು ಪಾಠ ಶುರು ಮಾಡ್ಬೇಡಿ. ಹೊಳೆ ಒಂದು ಕಡೆ ತಿಂದು ಇನ್ನೊಂದು ಕಡೆ ಇಡೋದು ಅದರ ಸ್ವಭಾವ, ಹಾಗೆ ಮಾಡದಿದ್ರೆ ಗುಂಡಿಯೂ ಇರ್ತಿರ್ಲಿಲ್ಲ, ಮರಳಿನ ದಿಬ್ಬವೂ ಇರ್ತಿರ್ಲಿಲ್ಲ, ಮೀನು ಮೊಟ್ಟೆ ಇಡೋಕೆ ಜಾಗವೂ ಇರ್ತಿರ್ಲಿಲ್ಲ. ಎಷ್ಟು ಬೇಗ ತಿಂತಿದೆ, ಯಾಕೆ ತಿಂತಿದೆ, ತಿಂದಿದ್ದನ್ನ ಎಲ್ಲಿ ಹೋಗಿ ಹಾಕ್ತಿದೆ, ಈ ಮೂರು ಪ್ರಶ್ನೆ ಮಕ್ಕಳ ಬಾಯಲ್ಲಿ ಬಂದ್ರೆ ಸಾಕು.

ಮಳೆ ಹನಿಯಿಂದ ಶುರು

ಇದು ಐದು ನಿಮಿಷದ ಕೆಲಸ. ಒಂದು ತಟ್ಟೇಲಿ ಒದ್ದೆ ಕೆಂಪು ಮಣ್ಣು ಹರಡಿ, ಅದರ ಹಿಂದೆ ಒಂದು ಬಿಳಿ ಹಾಳೆ ನಿಲ್ಸಿ, ಒಂದು ಮಗುವನ್ನ ಬೆಂಚ್ ಮೇಲೆ ಹತ್ತಿಸಿ ಇಂಕ್ ಫಿಲ್ಲರಿಂದ ಒಂದೊಂದೇ ಹನಿ ಬೀಳ್ಸೋಕೆ ಹೇಳಿ. ಬಿಳಿ ಹಾಳೆ ಮೇಲೆ ಕೆಂಪು ಚುಕ್ಕಿ ಸಿಡಿದಿರುತ್ತೆ. ಎಷ್ಟು ಎತ್ತರಕ್ಕೆ ಸಿಡೀತು ಅಂತ ಸ್ಕೇಲಲ್ಲಿ ಅಳೆಸಿ. ಆಮೇಲೆ ಮಣ್ಣಿನ ಮೇಲೆ ಒಣಗಿದ ಎಲೆ ಹಾಸಿ ಅದನ್ನೇ ಮತ್ತೆ ಮಾಡ್ಸಿ, ಹಾಳೆ ಹೆಚ್ಚುಕಮ್ಮಿ ಬೆಳ್ಳಗೇ ಉಳಿಯುತ್ತೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುತ್ತೆ, ಅಷ್ಟು ಹನಿ ಬರೀ ಮಣ್ಣಿನ ಮೇಲೆ ಬಿದ್ರೆ ಏನಾಗುತ್ತೆ ಅಂತ ಆಮೇಲೆ ಕೇಳಿ ನೋಡಿ, ನೀವೇನೂ ವಿವರಿಸಬೇಕಾಗಿಲ್ಲ.

ಮೂರು ಬಾಟಲಿ

ಎರಡು ಲೀಟರಿನ ಕೂಲ್‌ಡ್ರಿಂಕ್ಸ್ ಬಾಟಲಿ ಮೂರು ತಗೊಳ್ಳಿ, ಅಡ್ಡ ಮಲಗಿಸಿ ಮೇಲಿನ ಭಾಗವನ್ನ ಕಿಟಕಿ ಥರ ಕತ್ತರಿಸಿ (ಕತ್ತರಿ ಕೆಲಸ ನೀವೇ ಮಾಡಿ, ಅಂಚು ಬ್ಲೇಡಿನ ಹಾಗಿರುತ್ತೆ). ಮೂರರಲ್ಲೂ ಒಂದೇ ಮಣ್ಣು, ಒಂದೇ ಅಳತೆ. ಒಂದರಲ್ಲಿ ರಾಗಿ ಒತ್ತೊತ್ತಾಗಿ ಬಿತ್ತಿ ದಿನಾ ನೀರು ಚಿಮುಕಿಸ್ಬೇಕು, ಹತ್ತು ಹನ್ನೆರಡು ದಿನಕ್ಕೆ ಬೇರು ಬಲೆ ಹೆಣೆದ ಹಾಗೆ ಆಗುತ್ತೆ. ಅಷ್ಟು ದಿನ ಕಾಯೋಕಾಗಲ್ಲ ಅಂದ್ರೆ ಗ್ರೌಂಡಿಂದ ಹುಲ್ಲನ್ನ ಮಣ್ಣು ಸಮೇತ ಕೆತ್ತಿ ತಂದು ಇಟ್ರೂ ನಡೆಯುತ್ತೆ, ಆದ್ರೆ ಮಕ್ಕಳೇ ಬೆಳೆಸಿದ ರಾಗಿಗೆ ಇರೋ ಮರ್ಯಾದೆ ಆ ಹುಲ್ಲಿಗೆ ಸಿಗಲ್ಲ. ಎರಡನೇ ಬಾಟಲಿಗೆ ತರಗೆಲೆ ಹಾಸಿ, ಮೂರನೇದು ಬೋಳು. ಬಾಯಿ ಸ್ವಲ್ಪ ಕೆಳಗಿರೋ ಹಾಗೆ ಮೂರನ್ನೂ ಒಂದೇ ಇಳಿಜಾರಲ್ಲಿಟ್ಟು ಬಾಯಿ ಕೆಳಗೆ ಒಂದೊಂದು ಗಾಜಿನ ಲೋಟ ಇಟ್ಟು, ಅರ್ಧರ್ಧ ಲೀಟರ್ ನೀರನ್ನ ಮುಚ್ಚಳಕ್ಕೆ ತೂತು ಮಾಡಿದ ಬಾಟಲಿಯಿಂದ ಮಳೆ ಥರ ಹಾಕಿಸಿ.

ಬೋಳು ಬಾಟಲಿ ಲೋಟದಲ್ಲಿ ಚಹಾ ಬಣ್ಣದ ನೀರು, ರಾಗಿ ಲೋಟದಲ್ಲಿ ಹೆಚ್ಚುಕಡಿಮೆ ತಿಳಿನೀರು. ಇದು ಎಲ್ರೂ ಗಮನಿಸ್ತಾರೆ. ಇನ್ನೊಂದನ್ನ ನೀವು ತೋರಿಸ್ಬೇಕು, ಯಾವ ಲೋಟ ಮೊದಲು ತುಂಬ್ತು ಅಂತ. ಬೋಳು ನೆಲದಿಂದ ನೀರು ದಡಬಡ ಅಂತ ಬಂದು ನಿಂತ್ಹೋಗುತ್ತೆ, ರಾಗಿಯಿಂದ ತಡವಾಗಿ ಶುರುವಾಗಿ ಸುಮಾರು ಹೊತ್ತು ತೊಟ್ಟಿಕ್ತಾನೇ ಇರುತ್ತೆ. ಕಾಡು ಇರೋ ಹಳ್ಳ ಬೇಸಿಗೆವರೆಗೂ ಯಾಕೆ ಹರಿಯುತ್ತೆ ಅನ್ನೋದು ಇಲ್ಲೇ ಸಿಗುತ್ತೆ. ಗುಡ್ಡ ಬೋಳಾದ್ರೆ ಏನು ಅನ್ನೋಕೆ ನಮ್ಮ ಕಡೆ ಉದಾಹರಣೆಗೆ ಬರ ಇಲ್ಲ, ಕುದುರೆಮುಖದಲ್ಲಿ ಅದಿರು ತೆಗೀತಿದ್ದ ಕಾಲದಲ್ಲಿ ಮಳೆಗಾಲ ಬಂದ್ರೆ ಭದ್ರೆ ಹೂಳು ಹೊತ್ಕೊಂಡು ಬರ್ತಿತ್ತು, ಕೊನೆಗೆ ಸುಪ್ರೀಂ ಕೋರ್ಟ್ ಆದೇಶದ ಮೇಲೆ 2005ರ ಕೊನೇಲಿ ಆ ಗಣಿಗಾರಿಕೆ ನಿಂತಿತು. ದೊಡ್ಡ ಮಕ್ಕಳಿಗೆ ಇದನ್ನ ಹೇಳಿ, ತುಂಗೆ ಭದ್ರೆ ಎರಡೂ ಹುಟ್ಟೋದು ಅದೇ ಬೆಟ್ಟಸಾಲಿನ ಗಂಗಾಮೂಲದಲ್ಲಿ ಅನ್ನೋದು ಅವ್ರಿಗೆ ಗೊತ್ತಿರುತ್ತೆ.

ಮರಳಿನ ಹೊಳೆ

ಇದು ಮುಖ್ಯ ಐಟಂ, ಒಂದಿಡೀ ಶನಿವಾರ ಇದಕ್ಕೇ ಇಟ್ಕೊಳ್ಳಿ.

ಅಂಗಡೀಲಿ ಟ್ರೇ ಹುಡುಕ್ಬೇಡಿ. ಅಡಿಕೆ ದಬ್ಬೆ (ಸೀಳಿದ ಅಡಿಕೆ ಮರ) ನಾಲ್ಕು ತಂದು ಐದಡಿ ಉದ್ದ ಎರಡಡಿ ಅಗಲದ ಚೌಕಟ್ಟು ಕಟ್ಟಿ, ಒಳಗೆ ಅಡಿಕೆ ಒಣಗಿಸೋ ಟಾರ್ಪಾಲ್ ಹಾಸಿದ್ರೆ ಆಯ್ತು ಟ್ರೇ. ಬಯಲುಸೀಮೆಯವರು ಇಟ್ಟಿಗೆ ಜೋಡಿಸ್ಕೊಳ್ಳಿ. ನಾಲ್ಕು ಮಕ್ಕಳ ಸಣ್ಣ ಗುಂಪಿಗೆ ಒಂದು ದೊಡ್ಡ ಅಡಿಕೆ ಹಾಳೆಯೂ ಆಗುತ್ತೆ, ನೀರಲ್ಲಿ ನೆನೆಸಿದ್ರೆ ಬಿಚ್ಕೊಂಡು ದೋಣಿ ಥರ ನಿಲ್ಲುತ್ತೆ. ಹಾಳೆ ಮೇಲೆ ಕೂತು ಎಳ್ಕೊಂಡು ಆಡೋ ಮಕ್ಕಳಿಗೆ ಇದು ಪಾಠ ಅಂತ ನಂಬ್ಸೋದೇ ಕಷ್ಟ ಆಗುತ್ತೆ, ಇರ್ಲಿ.

ಮರಳು ನಾಲ್ಕು ಬಾಂಡ್ಲಿ ಬೇಕು. ಎಲ್ಲಾದ್ರೂ ಮನೆ ಕಟ್ಟೋ ಕಡೆ ಕೇಳಿದ್ರೆ ಎಂ ಸ್ಯಾಂಡ್ (ಕಲ್ಲು ಪುಡಿ ಮಾಡಿ ತಯಾರಿಸಿದ ಮರಳು) ಕೊಡ್ತಾರೆ, ಅದೇ ಸಾಕು, ಅದರಲ್ಲಿ ದಪ್ಪ ಕಾಳೂ ಇರುತ್ತೆ ಧೂಳೂ ಇರುತ್ತೆ, ನಮಗೆ ಬೇಕಾಗಿರೋದೂ ಅದೇ. ಮೂರು ಇಂಚು ದಪ್ಪಕ್ಕೆ ಹರಡಿ, ಕೆಳತುದೀಲಿ ಒಂದಡಿ ಖಾಲಿ ಬಿಡಿ, ಅದು ಕೆರೆ. ಮೇಲ್ತುದಿ ಕೆಳಗೆ ಒಂದು ಇಟ್ಟಿಗೆ ಮಲಗಿಸಿಟ್ರೆ ಇಳಿಜಾರು ಸಾಕು. ಬೆಂಚ್ ಮೇಲೆ ಒಂದು ಬಕೆಟ್ ನೀರು ಇಟ್ಟು, ತೋಟಕ್ಕೆ ಹಾಕೋ ಡ್ರಿಪ್ಪಿನ ಸಣ್ಣ ಪೈಪಲ್ಲಿ ನೀರು ಇಳಿಸಿ. ಒಂದು ಲೋಟ ತುಂಬೋಕೆ ಹತ್ತು ಹನ್ನೆರಡು ಸೆಕೆಂಡ್ ಹಿಡೀಬೇಕು, ಅದಕ್ಕಿಂತ ಜೋರು ಬೇಡ.

ನಾನು ಮೊದಲನೇ ಸಲ ಮಾಡಿದಾಗ ಒಣ ಮರಳು ಹಾಕಿ ನಲ್ಲಿ ಪೈಪ್ ನೇರ ಬಿಟ್ಟೆ. ಮೊದಲು ನೀರೆಲ್ಲಾ ಮರಳೊಳಗೆ ಇಂಗಿ ಏನೂ ಕಾಣ್ಲಿಲ್ಲ, ಜೋರು ಮಾಡಿದೆ, ಒಂದೇ ಸಲಕ್ಕೆ ಇಡೀ ಗುಡ್ಡ ಕೊಚ್ಕೊಂಡು ಹೋಗಿ ಹೆಡ್‌ಮೇಷ್ಟ್ರ ಚಪ್ಪಲಿ ಮೇಲೆ ಕೂತಿತು. ಹಂಗಾಗಿ ಮರಳನ್ನ ಮೊದಲು ಪೂರ್ತಿ ನೆನೆಸಿ, ಕೈಯಲ್ಲಿ ಒತ್ತಿದ್ರೆ ನೀರು ಒಸರೋ ಅಷ್ಟು, ಆಮೇಲೆ ಒಂದು ಹಲಗೆಯಿಂದ ಸಮ ಮಾಡಿ.

ಈಗ ಬೆರಳಲ್ಲಿ ಎಸ್ ಆಕಾರದ ಕಾಲುವೆ ಎಳೀಲಿ. ನೀರು ಬಿಡೋಕೆ ಮುಂಚೆ ಪ್ರತಿ ಗುಂಪಿಗೂ ಒಂದೊಂದು ಬೆಂಕಿಪೊಟ್ಟಣ ಕೊಟ್ಟು, ಇದು ನಿಮ್ಮ ಮನೆ, ತಿರುವಿನ ಹತ್ರ ಎಲ್ಲಿ ಬೇಕಾದ್ರೂ ಕಟ್ಕೊಳ್ಳಿ ಅನ್ನಿ. ಎರಡೂ ದಡದ ಅಂಚಿಗೆ ಬೇರೆ ಬೇರೆ ಬಣ್ಣದ ರಂಗೋಲಿ ಪುಡಿ ಸಣ್ಣಗೆ ಗೆರೆ ಎಳೆಸಿ, ಹೊರಗಿಂದು ನೀಲಿ, ಒಳಗಿಂದು ಗುಲಾಬಿ ಅನ್ಕೊಳ್ಳಿ. ನೀರು ಬಿಟ್ಟು ಯಾರೂ ಮುಟ್ಟಬಾರ್ದು ಅಂತ ಹೇಳಿ ಸುಮ್ನೆ ನಿಂತ್ಕೊಳ್ಳಿ. ಎರಡು ಮೂರು ನಿಮಿಷದಲ್ಲಿ ನೀಲಿ ಗೆರೆ ಬುಡದಲ್ಲಿ ಮರಳು ಕರಗಿ, ಮೇಲಿಂದು ಚಪ್ಪಡಿ ಥರ ಬಿರುಕು ಬಿಟ್ಟು ‘ಪ್ಲಪ್’ ಅಂತ ಬೀಳುತ್ತೆ, ಅದರ ಜೊತೆ ಒಂದು ಮನೆನೂ. ಗುಲಾಬಿ ಗೆರೆ ಹಾಗೇ ಇರುತ್ತೆ, ಅದರ ಮುಂದೆ ಹೊಸ ಮರಳು ಬಂದು ಕೂತಿರುತ್ತೆ. ದಡ ಮೇಲಿಂದ ಸವೆಯಲ್ಲ, ಬುಡದಿಂದ ಸವೆದು ಮೇಲಿಂದ ಬೀಳುತ್ತೆ ಅನ್ನೋದನ್ನ ಮಕ್ಕಳು ಒಂದ್ಸಲ ನೋಡಿದ್ರೆ ಹೊಳೆ ಅಂಚಲ್ಲಿ ನಿಂತು ಬಗ್ಗಿ ನೋಡೋ ಅಭ್ಯಾಸವೂ ಬಿಡ್ತಾರೆ, ಅದೊಂದು ಲಾಭ. ಯಾಕೆ ಹೊರಗಿನ ದಡ ಅಂತ ಕೇಳಿದ್ರೆ ಬಸ್ಸಲ್ಲಿ ಘಾಟಿ ಇಳಿಯುವಾಗ ತಿರುವಲ್ಲಿ ಎಲ್ರೂ ಯಾವ ಕಡೆ ವಾಲ್ತಾರೆ ಅಂತ ವಾಪಸ್ ಕೇಳಿ. ನೀರೂ ನೇರ ಹೋಗೋಕೆ ನೋಡಿ ಹೊರದಡಕ್ಕೆ ಗುದ್ದುತ್ತೆ, ಅಲ್ಲಿ ಓಟ ಜೋರು, ಒಳಗಡೆ ನಿಧಾನ, ನಿಧಾನ ಆದ ಕಡೆ ಹೊತ್ತಿದ್ದನ್ನ ಇಳಿಸುತ್ತೆ.

ಇಲ್ಲಿಂದ ಮುಂದೆ ಮನೆ ಕಳ್ಕೊಂಡ ಗುಂಪಿನವರು ಸುಮ್ನಿರಲ್ಲ, ಕಲ್ಲು ತಂದು ತಡೆಗೋಡೆ ಕಟ್ತಾರೆ. ಕಟ್ಲಿ ಬಿಡಿ. ಅವರ ದಡ ಉಳಿಯುತ್ತೆ, ಆದ್ರೆ ನೀರು ಕಲ್ಲಿಗೆ ಬಡಿದು ಅದೇ ರಭಸದಲ್ಲಿ ಗೋಡೆ ಮುಗಿಯೋ ಜಾಗಕ್ಕೋ ಎದುರಿನ ದಡಕ್ಕೋ ಹೋಗಿ ಬೀಳುತ್ತೆ, ಕೆಳಗಿನ ಗುಂಪಿನ ಮನೆ ಹೊರಡುತ್ತೆ. ಆಗ ಆಗೋ ಜಗಳ ಇದೆಯಲ್ಲ, ಅದೇ ಈ ಪಾಠದ ಜೀವಾಳ ಮಾರಾಯ್ರೆ, ತಡೀಬೇಡಿ. ‘ನೀವು ಗೋಡೆ ಕಟ್ಟಿದ್ದಕ್ಕೆ ನಮ್ಮನೆ ಹೋಯ್ತು’ ಅಂತ ಐದನೇ ಕ್ಲಾಸಿನ ಹುಡುಗಿ ಸೊಂಟಕ್ಕೆ ಕೈ ಇಟ್ಕೊಂಡು ಹೇಳಿದಾಗ ನಮ್ಮೂರಿನ ಎರಡು ತೋಟದವರ ಮಧ್ಯದ ಹಳೇ ತಕರಾರು ನೆನಪಾಗಿ ನನಗೆ ನಗು ತಡೆಯೋಕಾಗ್ಲಿಲ್ಲ.

ಮುಂದಿನ ಸುತ್ತಲ್ಲಿ ಕಲ್ಲಿನ ಬದಲು ಬೇರು ಇರೋ ಹುಲ್ಲನ್ನ ಮಣ್ಣು ಸಮೇತ ದಡದುದ್ದಕ್ಕೂ ನೆಡಿಸಿ. ಕೊರೆತ ಪೂರ್ತಿ ನಿಲ್ಲಲ್ಲ, ನಿಧಾನ ಆಗುತ್ತೆ, ಕೆಳಗಿನವರಿಗೆ ಹೊಡೆತವೂ ಕಮ್ಮಿ. ಹೊಳೆ ಅಂಚಿಗೆ ಹೊಂಗೆ, ಹೊಳೆಮತ್ತಿ, ನೇರಳೆ, ವಾಟೆ, ಮುಂಡಿಗೆ ಯಾಕೆ ಇರುತ್ತೆ, ಅದನ್ನ ಕಡಿದು ಅಂಚಿನವರೆಗೂ ತೋಟ ಮಾಡಿದ್ರೆ ಏನಾಗುತ್ತೆ ಅಂತ ಇಲ್ಲಿ ಮಾತಾಡಬಹುದು. ಲಾವಂಚ ಸಿಕ್ಕಿದ್ರೆ ಒಂದು ಬುಡ ಕಿತ್ತು ತಂದು ಬೇರಿನ ಉದ್ದ ತೋರ್ಸಿ, ಮಕ್ಕಳು ವಾಸನೆ ನೋಡೋಕೇ ಹತ್ತು ನಿಮಿಷ ತಗೊಳ್ತಾರೆ.

ಇನ್ನೊಂದು ಮಾಡ್ಲೇಬೇಕು. ಹರೀತಿರೋ ಕಾಲುವೆ ಮಧ್ಯ ಚಮಚದಿಂದ ಒಂದು ಗುಂಡಿ ತೋಡಿ, ಮರಳು ತೆಗೆಯೋರು ಮಾಡೋ ಹಾಗೆ. ಗುಂಡಿ ಅಲ್ಲೇ ತುಂಬ್ಕೊಳ್ಳುತ್ತೆ ಅಂತ ಎಲ್ರೂ ಹೇಳ್ತಾರೆ, ನಾನೂ ಮೊದಲು ಹಾಗೇ ಅನ್ಕೊಂಡಿದ್ದೆ. ನೋಡ್ತಾ ಇದ್ರೆ ಗುಂಡಿಯ ಮೇಲಿನ ಅಂಚು ಸಣ್ಣ ಜಲಪಾತದ ಹಾಗಾಗಿ, ಆ ಮೆಟ್ಟಿಲು ಕುಸೀತಾ ಕುಸೀತಾ ನೀರು ಬರೋ ದಿಕ್ಕಿಗೆ, ಮೇಲಕ್ಕೆ, ನಡ್ಕೊಂಡು ಹೋಗುತ್ತೆ! ಹೋದ ಕಡೆಯೆಲ್ಲಾ ತಳ ಆಳ ಆಗಿ ಎರಡೂ ದಡ ನಿಲ್ಲೋಕಾಗ್ದೆ ಬೀಳುತ್ತೆ. ಮರಳು ತೆಗೆದಿದ್ದು ಇಲ್ಲಿ, ಸೇತುವೆ ಬುಡ ತೆರ್ಕೊಂಡಿದ್ದು ಅಲ್ಲಿ ಮೇಲೆ, ಹೇಗೆ ಅಂತ ಕೇಳೋ ದೊಡ್ಡವರನ್ನೂ ಈ ಟ್ರೇ ಮುಂದೆ ಕೂರಿಸ್ಬೇಕು.

ಕೊನೇಲಿ ಕೆಳಗಿನ ಕೆರೆ ನೋಡಿಸಿ. ನೀರು ನಿಂತ ಕಡೆ ಮರಳು ಬೀಸಣಿಗೆ ಥರ ಹರಡಿರುತ್ತೆ, ದಪ್ಪ ಕಾಳು ಬಾಯಲ್ಲೇ, ಸಣ್ಣದು ಮುಂದೆ, ಧೂಳು ಇನ್ನೂ ನೀರಲ್ಲೇ ತೇಲ್ತಿರುತ್ತೆ. ಸ್ಕೇಲ್ ನಿಲ್ಸಿ ಎಷ್ಟು ತುಂಬಿದೆ ಅಂತ ಬರ್ಕೊಳ್ಳಿ. ನಮ್ಮ ಎರಡು ಹೊಳೆ ಕೂಡ್ಲಿಯಲ್ಲಿ ಸೇರಿ ತುಂಗಭದ್ರೆ ಆಗಿ ಹೊಸಪೇಟೆ ಡ್ಯಾಮಿಗೆ ಹೋಗುತ್ತೆ. 1953ರಲ್ಲಿ ನೀರು ನಿಲ್ಲಿಸಿದಾಗ ಅದರಲ್ಲಿ ಸುಮಾರು 133 ಟಿಎಂಸಿ ಹಿಡೀತಿತ್ತು, ಹೂಳು ತುಂಬಿ ಈಗಿನ ಲೆಕ್ಕ 105.79 ಟಿಎಂಸಿ. ಒಂದು ಟಿಎಂಸಿ ಅಂದ್ರೆ ನೂರು ಕೋಟಿ ಘನ ಅಡಿ, ಇನ್ನುಳಿದಿದ್ದು ಮಕ್ಕಳೇ ಕಳೆದು ಗುಣಿಸ್ಲಿ, ಗಣಿತದ ಪೀರಿಯಡ್ಡೂ ಆಯ್ತು. ಬೋಳು ಬಾಟಲಿಯ ಚಹಾ ಬಣ್ಣದ ಲೋಟವನ್ನ ಅಲ್ಲಾಡಿಸ್ದೆ ಕಿಟಕಿ ಮೇಲೆ ಇಟ್ಟಿದ್ರೆ ಈಗ ತೆಗೆದು ತೋರ್ಸಿ. ಮರಳು ಒಂದು ನಿಮಿಷದಲ್ಲೇ ಕೂತಿರುತ್ತೆ, ಅದರ ಮೇಲೆ ನುಣ್ಣನೆ ಮಣ್ಣು, ಮೇಲಿನ ನೀರು ಮಾರನೇ ದಿನವೂ ಕಲಕಾಗೇ ಇರುತ್ತೆ.

ಹಳ್ಳಕ್ಕೆ ಕರ್ಕೊಂಡು ಹೋಗೋದು

ಟ್ರೇ ಆದ್ಮೇಲೆ ನಿಜವಾದ ನೀರಿಗೆ. ಹೊಳೆಗಲ್ಲ, ಹಳ್ಳಕ್ಕೆ. ಮಂಡಿಗಿಂತ ಕೆಳಗೆ ನೀರಿರೋ, ತಳ ಕಾಣೋ ಹಳ್ಳ ಮಾತ್ರ. ಎಸ್‌ಡಿಎಂಸಿಯವರಿಗೆ (ಶಾಲಾ ಸಮಿತಿಯವರಿಗೆ) ಹೇಳಿ, ಪೋಷಕರಿಂದ ಒಪ್ಪಿಗೆ ಬರೆಸ್ಕೊಂಡು, ಈಜು ಬರೋ ಇಬ್ಬರು ದೊಡ್ಡವರಾದ್ರೂ ಜೊತೆಗಿರ್ಬೇಕು, ಹಗ್ಗ ಇರ್ಬೇಕು. ಮಳೆಗಾಲದಲ್ಲಿ ಬೇಡವೇ ಬೇಡ, ಇಲ್ಲಿ ಬಿಸಿಲಿದ್ರೂ ಮೇಲೆ ಘಟ್ಟದಲ್ಲಿ ಮಳೆ ಹೊಡೆದ್ರೆ ನೀರು ಹೇಳದೆ ಕೇಳದೆ ಏರುತ್ತೆ. ನವೆಂಬರ್ ಒಳ್ಳೆ ತಿಂಗಳು. ಜನವರಿ ಮೇಲೆ ಮಲೆನಾಡಿನ ಕಾಡಂಚಲ್ಲಿ ಉಣುಗಿನ (ಉಣ್ಣೆ ಹುಳದ) ಕಾಟ, ಅದು ಕಚ್ಚಿ ಹರಡೋ ಮಂಗನ ಕಾಯಿಲೆ 1957ರಲ್ಲಿ ಮೊದಲು ಗೊತ್ತಾಗಿದ್ದು ಸೊರಬದ ಕ್ಯಾಸನೂರು ಕಾಡಲ್ಲೇ ತಾನೆ, ಹೋಗ್ಲೇಬೇಕು ಅಂದ್ರೆ ಆರೋಗ್ಯ ಇಲಾಖೆಯವರು ಕೊಡೋ ಎಣ್ಣೆ ಹಚ್ಚಿ, ತುಂಬು ಬಟ್ಟೆ ಹಾಕ್ಸಿ, ವಾಪಸ್ ಬಂದ್ಮೇಲೆ ಬಿಸಿನೀರಿನ ಸ್ನಾನ ಮಾಡಿಸೋಕೆ ಮನೆಗೆ ಹೇಳಿ ಕಳ್ಸಿ. ಕಾಲಲ್ಲಿ ಗಾಯ ಇರೋ ಮಗುವನ್ನ ನೀರಿಗೆ ಇಳಿಸ್ಬೇಡಿ, ಇಲಿ ಜ್ವರದ ಭಯ ಇರುತ್ತೆ, ಆ ಮಗುವಿಗೆ ದಡದ ಮೇಲೆ ಟೈಮ್ ನೋಡೋ ಕೆಲಸ ಕೊಡಿ.

ವೇಗ ಅಳೆಯೋಕೆ ಹತ್ತು ಮೀಟರ್ ಹಗ್ಗ ದಡದುದ್ದಕ್ಕೆ ಹಿಡಿಸಿ, ಮೇಲಿಂದ ಒಂದು ಕಿತ್ತಳೆ ಹಣ್ಣು ಬಿಡಿ. ಮುಕ್ಕಾಲು ಮುಳುಗಿ ತೇಲೋದ್ರಿಂದ ಗಾಳಿಗೆ ಸಿಗಲ್ಲ, ಬಣ್ಣದಿಂದ ದೂರಕ್ಕೂ ಕಾಣುತ್ತೆ. ಮೂರು ಸಲ ಬಿಟ್ಟು ಸರಾಸರಿ ತೆಗೀರಿ. 25 ಸೆಕೆಂಡ್ ಬಂದ್ರೆ ಸೆಕೆಂಡಿಗೆ 0.4 ಮೀಟರ್. ಮೇಲಿನ ನೀರು ತಳದ ನೀರಿಗಿಂತ ಜೋರು ಹೋಗೋದ್ರಿಂದ 0.85ರಿಂದ ಗುಣಿಸ್ಕೊಳ್ಳಿ, 0.34 ಆಯ್ತು. ಹಳ್ಳ ಮೂರು ಮೀಟರ್ ಅಗಲ, ಸರಾಸರಿ 20 ಸೆಂಟಿಮೀಟರ್ ಆಳ ಇದ್ರೆ ಸೆಕೆಂಡಿಗೆ ಸುಮಾರು 200 ಲೀಟರ್ ನೀರು ಹೋಗ್ತಿದೆ. ನಿಮ್ಮ ಸ್ಕೂಲಿನ ಸಿಂಟೆಕ್ಸ್ ಎಷ್ಟು ಸೆಕೆಂಡಲ್ಲಿ ತುಂಬುತ್ತೆ ಕೇಳಿ. ತಿರುವಿನ ಒಳಗೂ ಹೊರಗೂ ಬೇರೆ ಬೇರೆ ಹಣ್ಣು ಬಿಟ್ರೆ ಟ್ರೇಲಿ ನೋಡಿದ್ದೇ ಇಲ್ಲೂ ಕಾಣುತ್ತೆ. (ಆ ಹಣ್ಣನ್ನ ಆಮೇಲೆ ತಿನ್ನೋಕೆ ಬಿಡ್ಬೇಡಿ, ತಿಂದೇ ತಿಂತಾರೆ, ಲೆಕ್ಕ ಇಟ್ಕೊಳ್ಳಿ.)

ಆಮೇಲೆ ಕಲ್ಲು ಎತ್ತಿ ನೋಡೋದು, ಮಕ್ಕಳಿಗೆ ಇದಕ್ಕಿಂತ ಇಷ್ಟದ ಕೆಲಸ ಇನ್ನೊಂದಿಲ್ಲ. ನೀರು ಸದ್ದು ಮಾಡ್ಕೊಂಡು ಹರಿಯೋ ಕಡೆ ಅಂಗೈ ಅಗಲದ ಕಲ್ಲನ್ನ ನಿಧಾನಕ್ಕೆ ಎತ್ತಿ, ಬಿಳಿ ಪ್ಲಾಸ್ಟಿಕ್ ತಟ್ಟೇಲಿ ಸ್ವಲ್ಪ ನೀರು ಹಾಕಿ ಕಲ್ಲಿನ ಅಡಿಭಾಗವನ್ನ ಬ್ರಶ್ಶಲ್ಲಿ ಸವರಿ. ಚಪ್ಪಟೆ ಮೈ, ಹಿಂದೆ ಮೂರು ಕೂದಲಿನಂಥ ಬಾಲ, ಹೊಟ್ಟೆ ಪಕ್ಕ ಪಟಪಟ ಆಡೋ ಕಿವಿರು ಇದ್ರೆ ಅದು ಮೇಫ್ಲೈ ಮರಿ. ಮರಳು ಕಾಳು ಅಂಟಿಸ್ಕೊಂಡು ಕೊಳವೆ ಮಾಡಿ ಅದರೊಳಗೆ ಕೂತಿರೋ ಹುಳ ಕ್ಯಾಡಿಸ್, ಎಂಥಾ ಮೇಸ್ತ್ರಿ ಅಂತೀರಿ, ಸಿಮೆಂಟಿಲ್ದೆ ಗಾರೆ ಕೆಲಸ ಮಾಡಿರುತ್ತೆ! ಇವೆರಡೂ ಧಾರಾಳ ಸಿಕ್ಕಿದ್ರೆ ನೀರಲ್ಲಿ ಆಮ್ಲಜನಕ ಚೆನ್ನಾಗಿದೆ ಅಂತ ಲೆಕ್ಕ. ಏರೋಪ್ಲೇನ್ ಚಿಟ್ಟೆ ಮರಿ, ಏಡಿ ಸಿಕ್ಕಿದ್ರೆ ಪರವಾಗಿಲ್ಲ. ಬರೀ ಕೆಂಪು ದಾರದಂಥ ಹುಳ, ಜಿಗಣೆ ಇಷ್ಟೇ ಇದ್ರೆ ಮೇಲೆ ಎಲ್ಲೋ ಚರಂಡಿ ಸೇರ್ತಿದೆ ಅಂತ ಅನುಮಾನ ಪಡ್ಬೇಕು. ಆ ಕೆಂಪು ಹುಳದ ಮೈಯಲ್ಲೂ ನಮ್ಮ ರಕ್ತದಲ್ಲಿರೋ ಹಿಮೋಗ್ಲೋಬಿನ್ನೇ ಇರೋದು, ಅದಕ್ಕೇ ಆಮ್ಲಜನಕ ಕಮ್ಮಿ ಇದ್ರೂ ಬದುಕುತ್ತೆ. ನೀರಿನ ಮೇಲೆ ಸ್ಕೇಟಿಂಗ್ ಮಾಡೋ ಹುಳ ನೋಡಿ ನೀರು ಚೆನ್ನಾಗಿದೆ ಅನ್ಬೇಡಿ, ಅದು ಉಸಿರಾಡೋದು ಮೇಲಿನ ಗಾಳಿಯನ್ನ. ನೋಡಿ ಆದ್ಮೇಲೆ ಹುಳ ವಾಪಸ್ ನೀರಿಗೆ, ಕಲ್ಲು ಎತ್ತಿದ ಜಾಗಕ್ಕೇ.

ಹೂಳಿಗೂ ಹುಳಕ್ಕೂ ಏನು ಸಂಬಂಧ ಅನ್ನೋದು ಇಲ್ಲಿ ಕೈಗೇ ಸಿಗುತ್ತೆ. ಒಂದು ಲೋಟಕ್ಕೆ ಜಲ್ಲಿ ತುಂಬಿ ನೀರು ಹಾಕಿ, ಕಲ್ಲಿನ ಸಂದೀಲಿ ನೀರು ಕಾಣುತ್ತೆ, ಅದು ಹುಳದ ಮನೆ, ಮೀನಿನ ಮೊಟ್ಟೆ ಇರೋ ಜಾಗ. ಈಗ ಒಂದು ಚಮಚ ನುಣ್ಣನೆ ಮಣ್ಣು ಸುರಿದು ಅಲ್ಲಾಡ್ಸಿ. ಸಂದಿ ಮುಚ್ತು. ಶೃಂಗೇರಿ ದೇವಸ್ಥಾನದ ಹಿಂದೆ, ತೀರ್ಥಹಳ್ಳಿ ಹತ್ರ ಚಿಪ್ಪಲಗುಡ್ಡೆಯಲ್ಲಿ ಮಂಡಕ್ಕಿ ಎಸೆದು ನೋಡಿರೋ ಆ ದೊಡ್ಡ ದೊಡ್ಡ ಮೀನುಗಳಲ್ಲಿ ಮಹಶೀರ್ ಜಾತಿಯವು ಮೊಟ್ಟೆ ಇಡೋದು ಇಂಥ ಜಲ್ಲಿ ಮೇಲೇ ಅಂದಾಗ ನಮ್ಮ ಹಿಂದಿನ ಬೆಂಚಿನವರೂ ಲೋಟದ ಹತ್ರ ಬಂದ್ರು.

ಸೈಕಲ್ ಕಡ್ಡಿ

ಇದು ವರ್ಷ ಪೂರ್ತಿ ನಡೆಯೋ ಕೆಲಸ, ಖರ್ಚು ಸೊನ್ನೆ. ಸೈಕಲ್ ಶಾಪಲ್ಲಿ ಹಳೇ ಕಡ್ಡಿ ಆರೇಳು ಕೇಳಿ ತನ್ನಿ. ಮೇ ಕೊನೇಲಿ, ಮಳೆ ಹಿಡಿಯೋಕೆ ಮುಂಚೆ, ಹಳ್ಳದ ತಿರುವಿನ ಹೊರದಡದಲ್ಲಿ ಮೂರು, ಒಳದಡದಲ್ಲಿ ಮೂರು, ಅಡ್ಡಕ್ಕೆ, ಎರಡು ಸೆಂಟಿಮೀಟರ್ ಮಾತ್ರ ಹೊರಗಿರೋ ಹಾಗೆ ಬಡೀರಿ, ತುದಿಗೆ ಕೆಂಪು ಪೇಂಟ್. ರಜೆಯ ದಿನ ಆದ್ದರಿಂದ ನೀವೇ ಒಬ್ಬರನ್ನ ಜೊತೆಗೆ ಕರ್ಕೊಂಡು ಹೋಗಿ ಬಡೀಬೇಕಾಗುತ್ತೆ. ನವೆಂಬರಲ್ಲಿ ಮಕ್ಕಳ ಜೊತೆ ಹೋದಾಗ ಎಷ್ಟು ಹೊರಗೆ ಬಂದಿದೆ ಅಳೀರಿ. ನಮ್ಮದರಲ್ಲಿ ಹೊರದಡದ ಒಂದು ಕಡ್ಡಿ 11 ಸೆಂಟಿಮೀಟರ್ ಹೊರಗೆ ಬಂದಿತ್ತು, ಒಂದು ಕಾಣೆ, ಒಳದಡದ ಎರಡು ಮರಳಲ್ಲಿ ಹೂತ್ಹೋಗಿ ಅಗೆದು ಹುಡುಕ್ಬೇಕಾಯ್ತು. ಕಾಣೆ ಆದ ಕಡ್ಡಿಗೆ ಏನು ಬರೀಬೇಕು ಟೀಚರ್, ಸೊನ್ನೆನಾ ಅಂತ ಒಬ್ಬ ಕೇಳಿದ. ‘ಕಡ್ಡಿಯ ಉದ್ದಕ್ಕಿಂತ ಜಾಸ್ತಿ ಇರಬಹುದು, ಯಾರಾದ್ರೂ ಕಿತ್ಕೊಂಡೂ ಹೋಗಿರಬಹುದು’ ಅಂತ ಬರೆಸ್ದೆ. ಅದನ್ನೇ ಒಂದು ನೋಟ್‌ಬುಕ್ಕಲ್ಲಿ ಇಟ್ಟು ಮುಂದಿನ ಕ್ಲಾಸಿನವರಿಗೆ ದಾಟಿಸ್ತಾ ಹೋಗಿ, ಮೂರ್ನಾಲ್ಕು ಮಳೆಗಾಲ ಸೇರಿದ್ಮೇಲೆ ಅದರ ರುಚಿ.

ಕೊನೇದಾಗಿ ಕ್ಲೀನಿಂಗ್. ಟ್ರೇ ಮರಳನ್ನ ಬಿಸಿಲಿಗೆ ಹರಡಿ ಒಣಗಿಸಿ ಚೀಲಕ್ಕೆ ತುಂಬಿಡಿ, ಮುಂದಿನ ವರ್ಷಕ್ಕೆ ಆಗುತ್ತೆ. ಬಕೆಟ್ ತೊಳೆದ ನೀರನ್ನ ಗಿಡದ ಬುಡಕ್ಕೆ ಸುರೀರಿ, ವಾಶ್‌ಬೇಸಿನ್ನಿಗೆ ಸುರೀಬೇಡಿ. ನಾನು ಸುರಿದಿದ್ದೆ. ಎರಡನೇ ದಿನಕ್ಕೆ ಕಟ್ಕೊಂಡು, ಪ್ಲಂಬರ್ ಬಂದು ಕೆಳಗಿನ ಬಾಗಿದ ಪೈಪ್ ಬಿಚ್ಚಿದಾಗ ಮಕ್ಕಳೆಲ್ಲಾ ಸುತ್ತ ನಿಂತಿದ್ರು, ಯಾರೋ ಹಿಂದಿನಿಂದ ‘ತಿರುವಿನ ಒಳಗಡೆನೇ ಕೂತಿದೆಯಾ ನೋಡಿ ಅಣ್ಣ’ ಅಂದ್ರು. ಅವರು ಪಾಪ ಏನು ಅಂತ ಅರ್ಥ ಆಗ್ದೆ ನನ್ನ ಮುಖ ನೋಡಿದ್ರು.